ಫಿಲ್ಟರ್ ನೀರಿನ ಹಿಂದೆ ಓಡಾಡುವ ಕೆಲಸ

ಎನ್ವಿರಾನ್‌ಮೆಂಟಲ್ ಎಂಜಿನಿಯರ್ ಅಂದ ತಕ್ಷಣ ಹೆಚ್ಚಿನವರು ಕೇಳುವುದು, "ಗಿಡ ನೆಡಿಸೋ ಕೆಲಸನಾ ಮೇಡಂ?" ಅಂತ. ಗಿಡ ನೆಡುವುದು ಒಳ್ಳೆಯದೇ, ಆದರೆ ನನ್ನದು ನೀರಿನ ಕೆಲಸ. ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನಡೆಸುವುದು, ಕೆಟ್ಟರೆ ರಿಪೇರಿ ಮಾಡಿಸುವುದು, ಬರುತ್ತಿರುವ ನೀರು ನಿಜಕ್ಕೂ ಕುಡಿಯಲು ಯೋಗ್ಯವಾ ಅಂತ ನೋಡುವುದು. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಇವೇ ನನ್ನ ಓಡಾಟದ ತಾಲೂಕುಗಳು. ಸಿವಿಲ್ ಓದುತ್ತಿರುವ ಹುಡುಗಿಯರು ಆಗಾಗ ಕೇಳುತ್ತಾರೆ, ಈ ಲೈನಿಗೆ ಬರಬಹುದಾ, ಇದರಲ್ಲಿ ಕೆಲಸ ಹೇಗಿರುತ್ತೆ ಅಂತ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡೋಣ ಅನಿಸಿತು.

ನಾನು ಬಿಇ ಸಿವಿಲ್ ಮಾಡಿದ್ದು ದಾವಣಗೆರೆಯಲ್ಲಿ. ನಮ್ಮ ಕ್ಲಾಸಿನವರಿಗೆಲ್ಲ ಸ್ಟ್ರಕ್ಚರ್ ಅಂದರೆ ಪ್ರೀತಿ, ಇಲ್ಲವಾದರೆ ಸೀದಾ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್. ನೀರು ಪೂರೈಕೆ, ಒಳಚರಂಡಿ ಅಂದರೆ ಪಾಸಾಗಲು ಓದುವ ಸಬ್ಜೆಕ್ಟ್. ನನಗೆ ಮಾತ್ರ ಅದೇ ಹಿಡಿಸಿತು. ಕಾರಣ ನನ್ನ ಅಮ್ಮನ ತವರು. ಅದು ಚಳ್ಳಕೆರೆ ತಾಲೂಕಿನಲ್ಲಿದೆ. ಬೇಸಿಗೆ ರಜೆಗೆ ಹೋದಾಗ ನೋಡುತ್ತಿದ್ದೆ, ನನ್ನ ಮಾವನ ಮಕ್ಕಳ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆಗಳು. ಸರಿಯಾಗಿ ಹಲ್ಲುಜ್ಜಲ್ಲ ಅಂತ ಮನೆಯಲ್ಲೂ ಬೈಗುಳ, ಶಾಲೆಯಲ್ಲೂ ಬೈಗುಳ. ಬಾಯಿ ಮುಚ್ಚಿಕೊಂಡು ನಗುತ್ತಿದ್ದವು ಅವು. ಆಮೇಲೆ ಕ್ಲಾಸಿನಲ್ಲಿ ಫ್ಲೋರೈಡ್, ಅಂದರೆ ನೀರಿನಲ್ಲಿ ಕರಗಿರುವ ಒಂದು ಲವಣಾಂಶದ ಪಾಠ ಬಂದಾಗ ತಿಳಿಯಿತು, ಆ ಗೆರೆ ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ ಅಂತ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದ ಒಳಗೆ, ಕುಡಿದ ನೀರಿನ ಗುರುತು ಅದು. ಮಕ್ಕಳದ್ದು ಏನೂ ತಪ್ಪಿರಲಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿತು.

ಫ್ಲೋರೈಡನ್ನು ಯಾರೋ ತಂದು ನೀರಿಗೆ ಸುರಿದದ್ದಲ್ಲ. ನಮ್ಮ ಕಡೆಯ ಕಲ್ಲಿನಲ್ಲೇ ಇದೆ. ಗ್ರಾನೈಟ್, ನೈಸ್ (gneiss) ಅನ್ನುವ ಬಂಡೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್‌ನಂಥ ಖನಿಜಗಳಿಂದ ಅದು ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ನೀರು ಬಂಡೆಯ ಬಿರುಕಿನಲ್ಲಿ ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಜಾಸ್ತಿ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿದ್ದರೆ ಇನ್ನೂ ಜಾಸ್ತಿ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಚಳ್ಳಕೆರೆ ಒಂದು. ಹಿಂದೆ ಸೇದುವ ಬಾವಿಯ ನೀರು ಕುಡಿಯುತ್ತಿದ್ದರು, ಬಾವಿ ಬತ್ತಿತು, ಬೋರು ಬಂತು, ಬೋರೂ ಬತ್ತಿ ಇನ್ನಷ್ಟು ಆಳಕ್ಕೆ ಹೋಯಿತು. ಆಳದ ನೀರು ಹಳೆಯ ನೀರು, ಕಲ್ಲಿನ ಜೊತೆ ಬಹಳ ಕಾಲ ಇದ್ದ ನೀರು. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದೇ ಇದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ. ಬೆನ್ನು, ಮಂಡಿ ಬಿಗಿದುಕೊಂಡು, ಕೂತರೆ ಏಳಲಾಗದ ಹಿರಿಯರನ್ನು ಈ ಕಡೆ ಕಾಣುತ್ತೀರಿ. ವಯಸ್ಸಾಯ್ತು, ವಾತ, ಅಂತ ಸುಮ್ಮನಾಗುತ್ತಾರೆ.

ಎಂಟೆಕ್ಕಿನಲ್ಲಿ ಎನ್ವಿರಾನ್‌ಮೆಂಟಲ್ ತೆಗೆದುಕೊಂಡೆ. ಪ್ರಾಜೆಕ್ಟಿಗೆ ಫ್ಲೋರೈಡ್ ತೆಗೆಯುವ ವಿಧಾನಗಳನ್ನೇ ಆರಿಸಿಕೊಂಡೆ. ನಾಗಪುರದ ನೀರಿ ಸಂಸ್ಥೆಯವರು ರೂಪಿಸಿದ ನಲ್ಗೊಂಡ ವಿಧಾನ ಅಂತ ಒಂದಿದೆ. ನೀರಿಗೆ ಸುಣ್ಣ, ಆಲಂ ಅಂದರೆ ಪಟಿಕ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ, ಗಸಿ ಕೆಳಗೆ ಕೂತ ಮೇಲೆ ಮೇಲಿನ ನೀರು ಬಸಿದುಕೊಳ್ಳುವುದು. ಅಗ್ಗ. ಆದರೆ ಪಟಿಕ ಅಳತೆ ತಪ್ಪಿದರೆ ನೀರಿನಲ್ಲಿ ಅಲ್ಯುಮಿನಿಯಂ ಉಳಿಯುತ್ತದೆ, ಗಸಿಯನ್ನು ಎಲ್ಲಿ ಹಾಕುವುದು ಅನ್ನೋದು ಇನ್ನೊಂದು ತಲೆನೋವು. ಇನ್ನೊಂದು ಆಕ್ಟಿವೇಟೆಡ್ ಅಲ್ಯುಮಿನಾ. ಸಣ್ಣ ಬಿಳಿ ಕಾಳುಗಳ ಮೂಲಕ ನೀರು ಹಾಯಿಸಿದರೆ ಅವು ಫ್ಲೋರೈಡನ್ನು ಹಿಡಿದುಕೊಳ್ಳುತ್ತವೆ. ಲ್ಯಾಬಿನಲ್ಲಿ ಬಹಳ ಚೆನ್ನಾಗಿ ನಡೆಯಿತು. ಆದರೆ ಕಾಳುಗಳು ತುಂಬಿಕೊಂಡ ಮೇಲೆ ಅವನ್ನು ಕಾಸ್ಟಿಕ್ ಸೋಡಾ, ಆಮ್ಲ ಹಾಕಿ ತೊಳೆದು ಮತ್ತೆ ಸಜ್ಜು ಮಾಡಬೇಕು. ಇದನ್ನು ಹಳ್ಳಿಯಲ್ಲಿ ಯಾರು ಮಾಡುತ್ತಾರೆ, ಯಾವಾಗ ಮಾಡುತ್ತಾರೆ, ಮಾಡದಿದ್ದರೆ ಯಾರಿಗೆ ಗೊತ್ತಾಗುತ್ತೆ? ನನ್ನ ಥೀಸಿಸ್ಸಿನಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನೋಡಿದರೆ ಇದೊಂದೇ ಪ್ರಶ್ನೆ ನನ್ನ ಪೂರ್ತಿ ಕೆಲಸ.

ಘಟಕ ಕೂರಿಸಿ ನಡೆಸುವ ಗುತ್ತಿಗೆ ಕಂಪನಿಯೊಂದಕ್ಕೆ ಸೇರಿದೆ. ನಮ್ಮ ಹಳ್ಳಿಗಳಲ್ಲಿ ನೀವು ನೋಡಿರುತ್ತೀರಿ, ಶೀಟಿನ ಒಂದು ಸಣ್ಣ ಕೋಣೆ, ಹೊರಗಡೆ ನಲ್ಲಿ, 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಒಳಗೆ ಮೊದಲು ಮರಳಿನ ಫಿಲ್ಟರ್, ಆಮೇಲೆ ಇದ್ದಿಲಿನ ಫಿಲ್ಟರ್, ಕಾರ್ಟ್ರಿಜ್, ಉಪ್ಪು ಕಟ್ಟದಂತೆ ಹನಿಹನಿಯಾಗಿ ಬಿಡುವ ಔಷಧಿ, ಜೋರಾಗಿ ಒತ್ತುವ ಪಂಪು, ಕೊನೆಗೆ ಆರ್‌ಒ ಮೆಂಬ್ರೇನ್, ಅಂದರೆ ನೀರನ್ನು ಬಿಟ್ಟು ಲವಣವನ್ನು ತಡೆಯುವ ತೆಳು ಪೊರೆ. ಮೆಂಬ್ರೇನ್ ದಾಟಿದ ನೀರು ಟ್ಯಾಂಕಿಗೆ, ದಾಟದ ನೀರು ಹೊರಗೆ. ಇಷ್ಟೇ. ಇದನ್ನು ಕೂರಿಸುವುದು ದೊಡ್ಡ ಕೆಲಸವೇನಲ್ಲ. ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡು ಎಲ್ಲರೂ ಹೊರಟ ಮೇಲೆ, ಮರುದಿನ ಬೆಳಿಗ್ಗೆಯಿಂದ, ಎಂಜಿನಿಯರಿಂಗ್ ಶುರುವಾಗುತ್ತದೆ.

ಒಂದು ಹಳ್ಳಿಯ ವಿಷಯ ಹೇಳುತ್ತೇನೆ. ಚಳ್ಳಕೆರೆ ತಾಲೂಕು, ಸುತ್ತ ಶೇಂಗಾ ಹೊಲ. ಬೋರಿನ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣ, ಲೀಟರಿಗೆ 900 ಮಿಲಿಗ್ರಾಂ, ಫ್ಲೋರೈಡ್ 3.2. ಘಟಕ ಚೆನ್ನಾಗಿ ನಡೆಯುತ್ತಿದೆ ಅಂತಲೇ ಕಾಗದದಲ್ಲಿ ಇತ್ತು. ಆಪರೇಟರ್ ಪ್ರತಿದಿನ ಟಿಡಿಎಸ್ ಬರೆದಿಡುತ್ತಿದ್ದ, ಒಂದು ದಿನವೂ ತಪ್ಪಿಸದೆ. 470, 475, 480. ಮಾನದಂಡ 500, ಹಾಗಾಗಿ ಎಲ್ಲಾ ಸರಿ ಅಂತ ಅರ್ಥ ಅಲ್ವಾ? ನನಗೆ ಆ ಅಂಕಿ ನೋಡಿಯೇ ಅನುಮಾನ ಬಂತು. ಮೆಂಬ್ರೇನ್ ಸರಿಯಿದ್ದರೆ ಟಿಡಿಎಸ್ 50ರ ಆಸುಪಾಸು ಬರಬೇಕಿತ್ತು. ಕಿಟ್ ತೆಗೆದು ಅಲ್ಲೇ ನೋಡಿದೆ. ನೀರಿಗೆ ಔಷಧಿ ಹನಿ ಹಾಕಿದರೆ ಬಣ್ಣ ಬರುತ್ತದೆ, ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ, ಜಾಸ್ತಿಯಾದಂತೆ ಹಳದಿ ಕಡೆಗೆ. ನನ್ನ ಕೈಯಲ್ಲಿದ್ದ ಟ್ಯೂಬು ಹಳದಿಗೆ ತಿರುಗಿತು. ಸ್ಯಾಂಪಲ್ ಲ್ಯಾಬಿಗೆ ಹೋಗಿ ಬಂದಾಗ 1.7.

ಕೋಣೆಯೊಳಗೆ ಹುಡುಕಿದರೆ ಗೋಡೆ ಬದಿಗೆ ಒಂದು ಬೈಪಾಸ್ ವಾಲ್ವ್. ಸ್ವಲ್ಪ ಬೋರಿನ ನೀರನ್ನು ಮೆಂಬ್ರೇನಿಗೆ ಕೊಡದೆ ನೇರ ಟ್ಯಾಂಕಿಗೆ ಬೆರೆಸಲು ಇಟ್ಟದ್ದು. ಅದು ಅರ್ಧಕ್ಕರ್ಧ ತೆರೆದಿತ್ತು. ಲೆಕ್ಕ ಹಾಕಿ ನೋಡಿ. ಮೆಂಬ್ರೇನ್ ನೀರಿನ ಟಿಡಿಎಸ್ 50, ಫ್ಲೋರೈಡ್ 0.2. ಬೋರಿನದು 900 ಮತ್ತು 3.2. ಎರಡನ್ನೂ ಸಮ ಬೆರೆಸಿದರೆ ಟಿಡಿಎಸ್ 475, ಫ್ಲೋರೈಡ್ 1.7. ಟಿಡಿಎಸ್ ಮೀಟರ್ ಪಾಸ್ ಅನ್ನುತ್ತದೆ. ಮಕ್ಕಳ ಹಲ್ಲು ಕೆಡುತ್ತಲೇ ಇರುತ್ತದೆ. ಆ ಮೀಟರು ನೀರಿನಲ್ಲಿ ಕರಗಿದ ಎಲ್ಲಾ ಲವಣವನ್ನು ಒಟ್ಟಾಗಿ ಅಂದಾಜು ಮಾಡುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ.

ಆಪರೇಟರನ್ನು ಬೈಯುವುದು ಸುಲಭ. ಅವನು ಹೇಳಿದ್ದು ಕೇಳಿ: "ಮೇಡಂ, ಕರೆಂಟ್ ಇರೋದೇ ಸ್ವಲ್ಪ ಹೊತ್ತು. ಬಾಗಿಲ ಮುಂದೆ ಕ್ಯಾನ್ ಸಾಲು ನಿಂತಿರ್ತದೆ. ಪೂರಾ ಫಿಲ್ಟರ್ ಆಗೋವರೆಗೆ ಕಾದ್ರೆ ಅರ್ಧ ಊರಿಗೂ ಸಾಲಲ್ಲ. ಮೇಲಾಗಿ ನೀರು ಸಪ್ಪೆ ಐತೆ ಅಂತ ಬೈತಾರೆ." ಇದರಲ್ಲಿ ಒಂದಾದರೂ ಸುಳ್ಳಾ? ಸಪ್ಪೆ ಅನ್ನೋ ದೂರೂ ನಿಜ, ತೀರಾ ಲವಣ ಕಳೆದ ನೀರು ಬಾಯಿಗೆ ರುಚಿಸುವುದಿಲ್ಲ. ಹಾಗಾಗಿ ವಾಲ್ವ್ ಪೂರ್ತಿ ಮುಚ್ಚಲಿಲ್ಲ. ನಾಲ್ಕರಲ್ಲಿ ಒಂದು ಪಾಲು ಬೋರಿನ ನೀರು ಬೆರೆಯುವಂತೆ ಹೊಂದಿಸಿದೆವು. ಆಗ ಫ್ಲೋರೈಡ್ 0.95, ಟಿಡಿಎಸ್ 260ರ ಹತ್ತಿರ. ಆ ಜಾಗಕ್ಕೆ ಕೆಂಪು ಪೇಂಟಿನ ಗುರುತು ಹಾಕಿ, ವಾಲ್ವಿನ ಹಿಡಿ ಬಿಚ್ಚಿ ಪಂಚಾಯಿತಿಯಲ್ಲಿ ಇಡಿಸಿದೆ. ರಿಜಿಸ್ಟರಿನಲ್ಲಿ ಹೊಸ ಗೆರೆ ಬರೆದೆ: ಟಿಡಿಎಸ್ 280 ದಾಟಿದರೆ ಫೋನ್ ಮಾಡಬೇಕು. ಅವನ ಕೈಲಿರುವುದು ಅದೊಂದೇ ಮೀಟರ್, ಹಾಗಾಗಿ ಅದೇ ಮೀಟರಿನಲ್ಲಿ ಫ್ಲೋರೈಡಿನ ಸುಳಿವು ಸಿಗುವಂತೆ ಮಾಡಬೇಕಿತ್ತು. ಆ ಗೆರೆ ಆ ಬೋರಿಗೆ ಮಾತ್ರ ಸರಿ, ಪಕ್ಕದ ಊರಿಗೆ ಬೇರೆ ಲೆಕ್ಕ. ನೀರು ಸಾಲದ್ದಕ್ಕೆ ಇನ್ನೊಂದು ಟ್ಯಾಂಕ್ ಕೇಳಿ ಬರೆದೆವು, ಕರೆಂಟ್ ಇದ್ದಾಗ ತುಂಬಿಸಿಟ್ಟುಕೊಳ್ಳಲಿ ಅಂತ. ಅದು ಬರುವಷ್ಟರಲ್ಲಿ ಬೇಸಿಗೆ ಮುಗಿದಿತ್ತು, ಆದರೂ ಬಂತು.

ಇನ್ನು ಹೆಣ್ಣಾಗಿ ಈ ಕೆಲಸ ಹೇಗೆ ಅಂತ ಕೇಳುತ್ತೀರಲ್ಲ, ಅದಕ್ಕೆ ಬರುತ್ತೇನೆ. ಕಷ್ಟ ಮೊದಲು ಹೇಳಿಬಿಡುತ್ತೇನೆ. ದಿನವಿಡೀ ಫೀಲ್ಡಿನಲ್ಲಿದ್ದರೆ ಶೌಚಾಲಯ ಸಿಗುವುದಿಲ್ಲ. ನೀರಿನ ಕೆಲಸ ಮಾಡುತ್ತಾ ನೀರು ಕುಡಿಯದೇ ಇರುವುದು, ಇದು ಎಲ್ಲಾ ಹೆಣ್ಣುಮಕ್ಕಳ ಕಥೆ, ಆರೋಗ್ಯ ಕೆಡಿಸುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ಜೀಪಿನಿಂದ ಇಳಿದರೆ "ಸಾಹೇಬ್ರು ಯಾವಾಗ ಬರ್ತಾರೆ?" ಅಂತ ಕೇಳುತ್ತಾರೆ, ನಾನೇ ಬಂದಿದ್ದೇನೆ ಅಂತ ಹೇಳಿ ಕೆಲಸ ಶುರು ಮಾಡಬೇಕು. ಹೆರಿಗೆ ರಜೆ ಮುಗಿಸಿ ವಾಪಸ್ ಹೋದಾಗ ನನ್ನನ್ನು ಟೆಂಡರ್ ಕಾಗದ ನೋಡುವ ಸೀಟಿಗೆ ಹಾಕಿದ್ದರು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ನಿಮಗೆ ಅನುಕೂಲ ಆಗಲಿ ಅಂತ, ಅಂದರು. ನನ್ನ ಅನುಕೂಲ ನಾನು ಹೇಳುತ್ತೇನೆ, ನನಗೆ ನನ್ನ ತಾಲೂಕುಗಳು ಬೇಕು ಅಂತ ಬರೆದು ಕೊಟ್ಟೆ. ಸಿಗಲು ತಿಂಗಳುಗಳೇ ಹಿಡಿದವು. ನನ್ನ ಅತ್ತೆ ಮಗುವನ್ನು ನೋಡಿಕೊಂಡರು, ಅವರಿಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಇದನ್ನು ಬರೆಯದೇ ಬಿಟ್ಟರೆ ಸುಳ್ಳಾಗುತ್ತದೆ.

ಆದರೆ ಇದೇ ಕೆಲಸದಲ್ಲಿ ಗಂಡಸು ಎಂಜಿನಿಯರಿಗೆ ಸಿಗದೇ ಇದ್ದದ್ದು ನನಗೆ ಸಿಕ್ಕಿದೆ. ಅಡುಗೆ ಮನೆ. ಅವರು ಪಂಚಾಯಿತಿ ಆಫೀಸು, ನೀರುಗಂಟಿ, ಘಟಕ, ಇಷ್ಟು ನೋಡಿ ವಾಪಸ್. ನನ್ನನ್ನು ಒಳಗೆ ಕರೆಯುತ್ತಾರೆ, ಟೀ ಕೊಡುತ್ತಾರೆ. ಆ ಬೈಪಾಸ್ ವಾಲ್ವಿನ ಊರಿನಲ್ಲೇ ಒಬ್ಬ ಅಜ್ಜಿ ಒಲೆ ಮುಂದೆ ಕೂತು ಮುದ್ದೆಗೆ ಎಸರಿಡುತ್ತಿದ್ದರು. ಬಿಂದಿಗೆಯಿಂದ ಸುರಿದರು, ಕ್ಯಾನಿನಿಂದಲ್ಲ. "ಅಜ್ಜಿ, ಇದು ಯಾವ ನೀರು?" ಅಂದೆ. "ಬೋರಿಂದು ಕಣವ್ವ. ಫಿಲ್ಟರ್ ನೀರು ಕುಡಿಯಾಕೆ. ಮುದ್ದೆಗೆ, ಸಾರಿಗೆ ಅದ್ಯಾಕೆ, ದುಡ್ಡು ದಂಡ. ಕುದಿಸಿದ ಮೇಲೆ ಎಲ್ಲಾ ಹೋಗ್ತದಲ್ಲ."

ಹೋಗುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಇದ್ದಲ್ಲೇ ಇರುತ್ತದೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಅನ್ನ ಹೀರಿಕೊಂಡ ನೀರು, ಮುದ್ದೆಯ ಎಸರು, ಸಾರು, ದಿನಕ್ಕೆ ಎರಡು ಮೂರು ಸಲ ಟೀ, ಎಲ್ಲಾ ಸೇರಿಸಿದರೆ ಹೊಟ್ಟೆಗೆ ಹೋಗುವುದು ಕಡಿಮೆಯೇನಲ್ಲ. ಘಟಕದಿಂದ ಎಂಥಾ ಒಳ್ಳೆಯ ನೀರು ಬಂದರೂ ಅಡುಗೆಗೆ ಬೋರಿನ ನೀರೇ ಬಳಸಿದರೆ ಅರ್ಧ ಕೆಲಸ ಬಾಕಿಯೇ. ನಮ್ಮ ಯಾವ ತಪಾಸಣಾ ಫಾರಂನಲ್ಲೂ "ಅಡುಗೆಗೆ ಯಾವ ನೀರು?" ಅನ್ನುವ ಪ್ರಶ್ನೆ ಇರಲಿಲ್ಲ. ನಾನು ಸೇರಿಸಿಕೊಂಡೆ.

ಫ್ಲೋರೈಡ್, ಮೂಳೆ, ಹಲ್ಲು ಅಂತ ಭಾಷಣ ಮಾಡಿದರೆ ತಲೆಯಾಡಿಸುತ್ತಾರೆ, ಅಷ್ಟೇ. ಬೇರೆ ದಾರಿ ಹಿಡಿದೆ. ಆ ಊರಿನ ನೀರಿನಲ್ಲಿ ಮೆಗ್ನೀಷಿಯಂ ಜಾಸ್ತಿ, ಗಡಸು ನೀರು. ಗಡಸು ನೀರಿನಲ್ಲಿ ಬೇಳೆ ಬೇಗ ಬೇಯಲ್ಲ. ಸ್ವಸಹಾಯ ಸಂಘದ ಸಭೆ ದಿನ ಅಂಗನವಾಡಿಯಲ್ಲಿ ಎರಡು ಪಾತ್ರೆ ಇಟ್ಟು, ಒಂದೇ ಅಳತೆ ತೊಗರಿಬೇಳೆ, ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಘಟಕದ ನೀರು ಹಾಕಿ ಒಲೆ ಹಚ್ಚಿಸಿದೆ. ಫಿಲ್ಟರ್ ನೀರಿನ ಬೇಳೆ ಮೊದಲೇ ಬೆಂದು ಕರಗಿತು, ಇನ್ನೊಂದು ಕಾಳು ಕಾಳಾಗಿಯೇ ಕುದಿಯುತ್ತಿತ್ತು. ಸೌಟಿನಲ್ಲಿ ಎತ್ತಿ ಬೆರಳಲ್ಲಿ ಹಿಸುಕಿ ನೋಡಿದರು. ಗ್ಯಾಸು ಎಷ್ಟು ಉಳೀತದೆ ಅಂತ ಅವರೇ ಲೆಕ್ಕ ಶುರು ಮಾಡಿದರು. ಆಮೇಲೆ ಮಕ್ಕಳ ಹಲ್ಲಿನ ವಿಷಯ ತೆಗೆದೆ, ಆಗ ಕೇಳಿದರು. ಎಲ್ಲಾ ಮನೆಯೂ ಬದಲಾಯಿತು ಅಂತ ಹೇಳಲಾರೆ. ಸಣ್ಣ ಮಕ್ಕಳಿರುವ ಮನೆಗಳಲ್ಲಿ ಬಹಳಷ್ಟು ಬದಲಾಗಿವೆ, ನನಗೆ ಮುಖ್ಯವಾಗಿ ಬೇಕಾಗಿದ್ದದ್ದು ಅದೇ.

ಇನ್ನೊಂದು ವಿಷಯದ ಬಗ್ಗೆ ಯಾರೂ ಮಾತಾಡಲ್ಲ, ಅದು ಹೊರಗೆ ಹೋಗುವ ನೀರು. ಅರ್ಧ ನೀರು ಶುದ್ಧವಾಗಿ ಬಂದರೆ ಉಳಿದರ್ಧಕ್ಕೆ ಅಷ್ಟೂ ಫ್ಲೋರೈಡ್ ಸೇರುತ್ತದೆ. ಬೋರಿನಲ್ಲಿ 3.2 ಇದ್ದದ್ದು ಹೊರಗೆ ಬಿಡುವ ನೀರಿನಲ್ಲಿ 6.2. ಈ ನೀರನ್ನು ಕೆಲವು ಕಡೆ ದನದ ತೊಟ್ಟಿಗೆ ಬಿಟ್ಟಿರುತ್ತಾರೆ, ನೀರು ಸುಮ್ನೆ ಹಾಳಾಗಬಾರದು ಅನ್ನುವ ಒಳ್ಳೆಯ ಮನಸ್ಸಿನಿಂದಲೇ. ದನಕ್ಕೂ ಹಲ್ಲು, ಮೂಳೆ ಕೆಡುತ್ತವೆ. ಇನ್ನು ಕೆಲವು ಕಡೆ ಬೋರಿನ ಪಕ್ಕದ ಇಂಗುಗುಂಡಿಗೇ ಬಿಟ್ಟದ್ದನ್ನು ನೋಡಿದ್ದೇನೆ. ಮೇಲೆತ್ತಿದ ವಿಷ ಗಟ್ಟಿಯಾಗಿ ಅದೇ ಬೋರಿಗೆ ಇಳಿಯುತ್ತಿದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಇಂಗುಗುಂಡಿಗೆ ಮಳೆ ನೀರು ಮಾತ್ರ ಹೋಗಬೇಕು. ಘಟಕದ ಹೊರನೀರನ್ನು ಶೌಚಾಲಯಕ್ಕೋ ಗಾಡಿ ತೊಳೆಯಲಿಕ್ಕೋ ಪೈಪ್ ಹಾಕಿ ಕೊಡಿಸುತ್ತೇವೆ, ದುಡ್ಡು ಸಿಕ್ಕ ಕಡೆ. ದುಡ್ಡು ಸಿಗದ ಕಡೆ ಇನ್ನೂ ಚರಂಡಿಗೇ ಹೋಗುತ್ತಿದೆ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆರ್‌ಒ ಘಟಕ ಇವತ್ತಿಗೆ ಬೇಕೇ ಬೇಕು, ಆದರೆ ಇದನ್ನೇ ಕೊನೆಯ ಪರಿಹಾರ ಅಂತ ನಂಬಬಾರದು. ನಮಗೆ ಬೇಕಾಗಿರುವುದು ಮೇಲ್ಮೈ ನೀರು, ಮಳೆ ನೀರು. ಮಾರಿಕಣಿವೆ ಅಂತ ನಾವು ಕರೆಯುವ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆವತ್ತು ನೋಡಲು ಹೋದ ಜನರಲ್ಲಿ ನಾನೂ ಇದ್ದೆ. ಆ ನೀರು ಪೈಪಿನಲ್ಲಿ ಬರುವ ಊರುಗಳಲ್ಲಿ ಫ್ಲೋರೈಡಿನ ಚಿಂತೆಯೇ ಇಲ್ಲ. ಒಂದೇ ಕಡೆಯಿಂದ ಹಲವು ಹಳ್ಳಿಗೆ ಪೈಪಿನಲ್ಲಿ ನೀರು ಕೊಡುವ ಬಹುಗ್ರಾಮ ಯೋಜನೆಗಳು ಪೂರ್ತಿಯಾಗಿ ಎಲ್ಲಾ ಹಳ್ಳಿ ಮುಟ್ಟಿದ ದಿನ ನನ್ನ ಘಟಕಗಳಿಗೆ ಬೀಗ ಹಾಕಿದರೂ ನನಗೆ ಖುಷಿಯೇ. ಅಲ್ಲಿಯವರೆಗೆ ಶಾಲೆಯ ಚಾವಣಿಯ ಮಳೆ ನೀರನ್ನು ಹಿಡಿದು ಇಡುವುದಕ್ಕೆ ಏನು ಅಡ್ಡಿ? ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಚಿತ್ರದುರ್ಗದ ಕೋಟೆಗೆ ಹೋದವರು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ನೋಡಿರುತ್ತೀರಿ. ಬಂಡೆ ಮೇಲೆ ಬಿದ್ದ ಮಳೆಯನ್ನು ಹಿಡಿದು, ಒಂದು ತುಂಬಿ ಇನ್ನೊಂದಕ್ಕೆ ಇಳಿಯುವಂತೆ ಮಾಡಿ, ಅಷ್ಟು ಜನ ಬದುಕಿದ್ದ ಊರು ಅದು. ಈಗ ಜೊತೆಗಿರುವ ಕೆಲವು ಶಿಕ್ಷಕರ ಸಹಾಯದಿಂದ ಶಾಲೆಗಳಲ್ಲಿ ಮುಚ್ಚಿದ ಟ್ಯಾಂಕ್ ಕಟ್ಟಿಸುವ ಕೆಲಸ ಹಿಡಿದಿದ್ದೇನೆ. ಮೊದಲ ಮಳೆಯ ಕೊಳೆ ನೀರು ಬೇರೆ ಹೋಗಬೇಕು, ಸೊಳ್ಳೆ ಒಳಗೆ ಹೋಗದಂತೆ ಬಲೆ ಇರಬೇಕು, ವರ್ಷಕ್ಕೊಮ್ಮೆ ತೊಳೆಯಬೇಕು. ಇಲ್ಲೂ ಅದೇ ಪ್ರಶ್ನೆ, ಯಾರು ತೊಳೆಯುತ್ತಾರೆ? ಹೆಸರು ಬರೆಸಿಕೊಂಡ ಮೇಲೆಯೇ ಟ್ಯಾಂಕಿನ ಎಸ್ಟಿಮೇಟ್ ಮಾಡುತ್ತೇನೆ.

ಈ ಲೈನಿಗೆ ಬರುವ ಹುಡುಗಿಯರಿಗೆ: ಸಿವಿಲ್ ಮಾಡಿ ಎಂಟೆಕ್ ಎನ್ವಿರಾನ್‌ಮೆಂಟಲ್ ತೆಗೆದುಕೊಳ್ಳಬಹುದು. ಮಾಲಿನ್ಯ ನಿಯಂತ್ರಣ ಮಂಡಳಿ, ನೀರಿನ ಇಲಾಖೆಗಳು, ಪರೀಕ್ಷಾ ಲ್ಯಾಬುಗಳು, ಕೊಳಚೆ ನೀರು ಶುದ್ಧೀಕರಣ ಘಟಕಗಳು, ಕಾರ್ಖಾನೆಗಳು, ಎಲ್ಲಾ ಕಡೆ ಕೆಲಸ ಇದೆ. ಶುರುವಿನ ಸಂಬಳ ಸಾಫ್ಟ್‌ವೇರಿನಷ್ಟು ಇರಲ್ಲ. ಕೆಮಿಸ್ಟ್ರಿ ಗಟ್ಟಿ ಮಾಡಿಕೊಳ್ಳಿ, ಗಾಡಿ ಓಡಿಸುವುದು ಕಲಿಯಿರಿ, ಪೈಪ್ ರೆಂಚ್ ಹಿಡಿಯಲು ಹಿಂಜರಿಯಬೇಡಿ. ಓದುವಾಗಲೇ ಒಂದು ಘಟಕಕ್ಕೆ ಹೋಗಿ ಇಡೀ ದಿನ ಆಪರೇಟರ್ ಪಕ್ಕ ಕೂತು ನೋಡಿ.

ಊರಿನವರಿಗೆ: ನಿಮ್ಮ ಬೋರು ಮತ್ತು ಘಟಕ ಎರಡರ ನೀರನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬುಗಳಿವೆ. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಸಾಕು, ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರಿಕೊಳ್ಳುತ್ತದೆ. ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಅದೇ ನೀರಿನಿಂದ ಬಾಟಲಿ ತೊಳೆದು ತುಂಬಿ, ಯಾವ ಬೋರು, ಯಾವ ದಿನ ಅಂತ ಬರೆದು ಅಂಟಿಸಿ. ರಿಪೋರ್ಟ್ ಕೈಗೆ ಬಂದಾಗ ಟಿಡಿಎಸ್ ಸಾಲು ಬಿಟ್ಟು ಮೊದಲು ಫ್ಲೋರೈಡ್ ಸಾಲು ನೋಡಿ. ಆ ಸಾಲು ಖಾಲಿ ಇದ್ದರೆ ವಾಪಸ್ ಕೊಟ್ಟು ಅದನ್ನೂ ಮಾಡಿಕೊಡಿ ಅಂತ ಕೇಳಿ.